ವಾಪಸ್ ಹೋಗೋ ಗಾಡಿಯ ಚಾರ್ಜು

ಮದುವೆಯಾಗಿ ಎಂಟು ತಿಂಗಳಾದರೂ ನಾವಿಬ್ಬರೂ ಒಬ್ಬರನ್ನೊಬ್ಬರು ‘ನೀವು’ ಅಂತಲೇ ಕರೀತಿದ್ವಿ. ಜಗಳ ಇತ್ತಾ ಅಂದ್ರೆ ಇಲ್ಲ. ಬೆಳಿಗ್ಗೆ ಅವರು ಕಾಫಿ ಮಾಡೋರು, ನಾನು ತಿಂಡಿ ನೋಡ್ಕೊಳ್ತಿದ್ದೆ. ಒಂಬತ್ತೂವರೆಗೆ ಅವರು ಹಾಲ್‌ನಲ್ಲಿ, ನಾನು ಬೆಡ್‌ರೂಮಲ್ಲಿ ಲ್ಯಾಪ್‌ಟಾಪ್ ತೆಗೆದು ಮೀಟಿಂಗ್‌ಗೆ ಕೂತರೆ ಮತ್ತೆ ಮುಖ ನೋಡೋದು ಊಟಕ್ಕೆ. ಬಾಡಿಗೆ ಅರ್ಧ ಅರ್ಧ. ಅಮ್ಮ ಫೋನ್ ಮಾಡಿ “ಚೆನ್ನಾಗಿದ್ದೀರೇನೇ?” ಅಂದಾಗ “ಚೆನ್ನಾಗಿದ್ದೀವಮ್ಮ” ಅನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ. ಆದರೆ ರಾತ್ರಿ ಲೈಟ್ ಆರಿಸಿದ ಮೇಲೆ ಒಂದೇ ಪ್ರಶ್ನೆ ಬರುತ್ತಿತ್ತು: ಇಷ್ಟೇನಾ?

ಅದೇ ಹೊತ್ತಿಗೆ ಆಫೀಸಿನಿಂದ ಆರು ತಿಂಗಳು ಜರ್ಮನಿಗೆ ಹೋಗೋ ಅವಕಾಶ ಬಂತು. ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. “ಹೋಗಿ ಬನ್ನಿ, ಒಳ್ಳೆ ಚಾನ್ಸು. ಬಾಡಿಗೆ ಬಗ್ಗೆ ಯೋಚ್ನೆ ಬೇಡ, ನಾನು ನೋಡ್ಕೊಳ್ತೀನಿ” ಅಂದರು, ಸಾರು ಹಾಕಿಕೊಂಡರು. ಅಷ್ಟೇ. ‘ಆರು ತಿಂಗಳಾ?’ ಅಂತ ಒಂದು ಮಾತೂ ಇಲ್ಲ. ನಾನು ಇದ್ದರೂ ಒಂದೇ, ಹೋದರೂ ಒಂದೇ ಅನ್ನಿಸಿ ಗಂಟಲು ಕಟ್ಟಿತು.

ಈ ಸಲದ ಅಂಕಣ ಆ ವಾರ ನನ್ನ ಕೈಗೆ ಸಿಕ್ಕ ಒಂದು ಪುಸ್ತಕದ ಬಗ್ಗೆ. ಮಂಗಳೂರಿನ ಗೆಳತಿಯೊಬ್ಬಳು ಕೊಟ್ಟಿದ್ದು. ಅವಳ ಅಮ್ಮನ ಕಪಾಟಿನದು, ಹಾಳೆಯೆಲ್ಲ ಹಳದಿ ತಿರುಗಿತ್ತು. “ಸೀರಿಯಸ್ಸಾಗಿ ತಗೋಬೇಡ, ಅಮ್ಮಂದಿರು ಓದೋ ಪುಸ್ತಕ” ಅಂತ ನಗುತ್ತಾ ಕೊಟ್ಟಿದ್ದಳು. ಹೆಸರು ‘ಲವ್ ಕಮ್ಸ್ ಸಾಫ್ಟ್‌ಲಿ’. ಪ್ರೀತಿ ಮೆಲ್ಲಗೆ ಬರುತ್ತದೆ ಅಂತ ಅರ್ಥ. ಬರೆದವರು ಕೆನಡಾದ ಜಾನೆಟ್ ಓಕ್. 1979ರಲ್ಲಿ ಬೆಥನಿ ಹೌಸ್ ಅನ್ನೋ ಕ್ರೈಸ್ತ ಪ್ರಕಾಶನ ಸಂಸ್ಥೆ ಪ್ರಕಟಿಸಿದ ಅವರ ಮೊದಲ ಕಾದಂಬರಿ.

ಓಕ್ ಹುಟ್ಟಿದ್ದು 1935ರಲ್ಲಿ, ಆಲ್ಬರ್ಟಾ ಪ್ರಾಂತ್ಯದ ಚಾಂಪಿಯನ್ ಅನ್ನೋ ಪುಟ್ಟ ಊರಲ್ಲಿ. ಅಪ್ಪ ಅಮ್ಮ ಬಯಲುಸೀಮೆಯ ರೈತರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಓದಿ, ಮದುವೆಯಾಗಿ, ಮಕ್ಕಳನ್ನ ಬೆಳೆಸಿ, ಮೊದಲ ಪುಸ್ತಕ ಹೊರಬರೋ ಹೊತ್ತಿಗೆ ಅವರಿಗೆ 44 ವರ್ಷ. ಇದನ್ನ ಓದಿದಾಗ ನಮ್ಮ ಎಂ. ಕೆ. ಇಂದಿರಾ ನೆನಪಾದರು. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದಿದ್ದು 1963ರಲ್ಲಿ. ಮೂವತ್ತಕ್ಕೇ ‘ಲೇಟಾಯ್ತು’ ಅಂತ ಕೂರೋ ನಮ್ಮಂಥವರು ಇಂಥ ಲೆಕ್ಕಗಳನ್ನ ಆಗಾಗ ನೋಡಿಕೊಳ್ಳಬೇಕು.

ಇನ್ನು ಕಥೆಗೆ ಬರ್ತೀನಿ. 19ನೇ ಶತಮಾನದ ಅಮೆರಿಕ. ಪೂರ್ವದ ಊರುಗಳಿಂದ ಜನ ಬಟ್ಟೆಯ ಚಾವಣಿ ಹೊದಿಸಿದ ಗಾಡಿಗಳಲ್ಲಿ ಸಾಮಾನು ತುಂಬಿಕೊಂಡು ಪಶ್ಚಿಮಕ್ಕೆ ಹೋಗುತ್ತಿದ್ದರು. ಇಂಥ ಗಾಡಿ ಒಳ್ಳೆ ದಾರಿ ಸಿಕ್ಕರೂ ದಿನಕ್ಕೆ 25-30 ಕಿಲೋಮೀಟರ್ ಹೋದರೆ ಹೆಚ್ಚು. ಕಾರಣ ಜಮೀನು. ಅಬ್ರಹಾಂ ಲಿಂಕನ್ 1862ರಲ್ಲಿ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ, ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉತ್ತರೆ 160 ಎಕರೆ ನಿಮ್ಮದೇ. ಸಣ್ಣದೊಂದು ಶುಲ್ಕ ಬಿಟ್ಟರೆ ಖರ್ಚಿಲ್ಲ. ನಮ್ಮೂರಲ್ಲಿ ನಾಲ್ಕು ಎಕರೆ ಇದ್ದವರನ್ನೇ ಜಮೀನ್ದಾರ್ರು ಅಂತ ಕರೀತಾರೆ. ಹಾಗಿರುವಾಗ 160 ಎಕರೆ ಅಂದರೆ ಜನ ಯಾಕೆ ಪ್ರಾಣ ಒತ್ತೆ ಇಟ್ಟು ಹೋದರು ಅಂತ ಗೊತ್ತಾಗುತ್ತೆ.

ಹಾಗೆ ಕನಸು ಕಟ್ಟಿಕೊಂಡು ಹೊರಟ ದಂಪತಿ ಮಾರ್ಟಿ ಮತ್ತು ಕ್ಲೆಮ್. ಕಾದಂಬರಿ ಶುರುವಾಗುವಾಗಲೇ ಕ್ಲೆಮ್ ಅಪಘಾತದಲ್ಲಿ ಸತ್ತಿದ್ದಾನೆ. ಎಳೆ ವಯಸ್ಸಿನ ಮಾರ್ಟಿ ಗರ್ಭಿಣಿ, ಅದು ಯಾರಿಗೂ ಗೊತ್ತಿಲ್ಲ. ದುಡ್ಡಿಲ್ಲ, ಬಂಧುಗಳಿಲ್ಲ, ಚಳಿಗಾಲ ಬಾಗಿಲಿಗೆ ಬಂದಿದೆ. ಗಂಡನನ್ನ ಮಣ್ಣು ಮಾಡಿದ ದಿನವೇ ಪರಿಚಯವಿಲ್ಲದ ಒಬ್ಬ ರೈತ ಬಂದು ನಿಲ್ತಾನೆ. ಹೆಸರು ಕ್ಲಾರ್ಕ್ ಡೇವಿಸ್. ಅವನೂ ಹೆಂಡತಿ ಕಳೆದುಕೊಂಡವನು, ಮನೆಯಲ್ಲಿ ಮಿಸ್ಸಿ ಅನ್ನೋ ಪುಟ್ಟ ಮಗಳಿದ್ದಾಳೆ. ‘ನನ್ನ ಮಗಳಿಗೆ ತಾಯಿ ಬೇಕು, ನಿಮಗೆ ಸೂರು ಬೇಕು, ಮದುವೆಯಾಗೋಣ’ ಅಂತ ನೇರವಾಗಿ ಕೇಳ್ತಾನೆ.

ಓದುವಾಗ ನನಗೂ ಸಿಟ್ಟು ಬಂತು. ಹೆಣ ಮಣ್ಣಾದ ದಿನ ಕೇಳೋ ಮಾತಾ ಇದು? ಆದರೆ ಅವನ ಅವಸರಕ್ಕೂ ಕಾರಣ ಇದೆ. ಊರೂರು ತಿರುಗೋ ಪಾದ್ರಿ ಅವತ್ತು ಮಾತ್ರ ಅಲ್ಲಿದ್ದಾರೆ, ಮತ್ತೆ ಬರೋದು ಚಳಿಗಾಲ ಕಳೆದ ಮೇಲೆ. ಮದುವೆಯಾಗದೆ ಒಂದೇ ಸೂರಿನಡಿ ಇರೋದನ್ನ ಆ ಕಾಲ ಒಪ್ಪೋದಿಲ್ಲ. ಮುಖ್ಯವಾಗಿ, ಕ್ಲಾರ್ಕ್ ಪ್ರೀತಿ ಗೀತಿ ಅಂತ ಒಂದು ಸುಳ್ಳೂ ಹೇಳೋದಿಲ್ಲ. ಅದರ ಬದಲು ಒಂದು ಮಾತು ಕೊಡ್ತಾನೆ. ಮುಂದೆ ಪೂರ್ವಕ್ಕೆ ವಾಪಸ್ ಹೋಗೋ ಗಾಡಿಗಳ ಸಾಲು ಬಂದಾಗ ನಿಮಗೆ ಇಲ್ಲಿರೋಕೆ ಮನಸ್ಸಿಲ್ಲ ಅಂದ್ರೆ ನಿಮ್ಮ ಪ್ರಯಾಣದ ಖರ್ಚು ನಾನೇ ಕೊಡ್ತೀನಿ ಅಂತ. ಒಂದೇ ಷರತ್ತು: ಹೋಗುವಾಗ ಮಿಸ್ಸಿಯನ್ನೂ ಕರಕೊಂಡು ಹೋಗಬೇಕು.

ಆಮೇಲೆ ಪುಸ್ತಕದ ತುಂಬ ದೊಡ್ಡ ಘಟನೆಗಳೇನೂ ಇಲ್ಲ. ಕ್ಲಾರ್ಕ್ ಮನೆಗೆ ತಾಗಿದ ಚಪ್ಪರದಂಥ ಸಣ್ಣ ಕೋಣೆಯಲ್ಲಿ ಮಲಗ್ತಾನೆ, ಮನೆ ಅವಳಿಗೆ ಮತ್ತು ಮಗುವಿಗೆ. ಮಾರ್ಟಿಗೆ ಅಡುಗೆ ಬರೋದಿಲ್ಲ. ಗೊತ್ತಿರೋದು ಪ್ಯಾನ್‌ಕೇಕ್ ಒಂದೇ, ಹಾಗಾಗಿ ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಅವನು ಸುಮ್ಮನೆ ತಿಂದು ಕೆಲಸಕ್ಕೆ ಹೋಗ್ತಾನೆ. ನನ್ನ ಮೊದಲ ತಿಂಗಳಿನ ಉಪ್ಪಿಟ್ಟು ನೆನಪಾಗಿ ಒಬ್ಬಳೇ ನಕ್ಕೆ. ಪಕ್ಕದ ಜಮೀನಿನ ಗ್ರಹಾಂ ಅಮ್ಮ ಬಂದು ಅವಳಿಗೆ ಮನೆಗೆಲಸ ಒಂದೊಂದಾಗಿ ಕಲಿಸ್ತಾರೆ. ಕ್ಲೆಮ್‌ನ ಮಗು ಕ್ಲಾರ್ಕ್ ಮನೆಯಲ್ಲೇ ಹುಟ್ಟುತ್ತೆ.

ಪುಸ್ತಕದ ಹೆಸರು ಬಂದಿದ್ದೂ ಈ ಗ್ರಹಾಂ ಅಮ್ಮನ ಕಥೆಯಿಂದ. ಅವರೂ ಚಿಕ್ಕ ವಯಸ್ಸಲ್ಲಿ ಗಂಡನನ್ನ ಕಳಕೊಂಡು, ಮಕ್ಕಳಿಗೋಸ್ಕರ ಎರಡನೇ ಮದುವೆಯಾದವರು. ಆಗ ಮನಸ್ಸಲ್ಲಿ ಪ್ರೀತಿ ಇರಲಿಲ್ಲ. ಅದು ಯಾವಾಗ ಬಂತು ಅಂತ ಅವರಿಗೇ ಗೊತ್ತಾಗಲಿಲ್ಲ, ಅಷ್ಟು ಮೆಲ್ಲಗೆ ಬಂತು. ಹಾಗಾಗಿ ಕೊನೆಗೆ ಏನಾಗುತ್ತೆ ಅನ್ನೋದು ಗುಟ್ಟೇನಲ್ಲ, ಮುಖಪುಟದ ಮೇಲೇ ಬರೆದಿದೆ. ಆದರೂ ಗಾಡಿಗಳು ಬರೋ ಸಮಯ ಹತ್ತಿರವಾದ ಹಾಗೆ ನಾನು ಮೆಟ್ರೋದಲ್ಲಿ ಇಳಿಯೋ ಸ್ಟೇಷನ್ ಬಿಟ್ಟು ಮುಂದಕ್ಕೆ ಹೋಗಿದ್ದೆ.

ಈ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಮೆಲ್ಲಗೆ ಬರೋ ಪ್ರೀತಿಗಿಂತ ಆ ಗಾಡಿಯ ಚಾರ್ಜು. ‘ಮದುವೆಯಾಗು, ಪ್ರೀತಿ ತಾನಾಗೇ ಬರುತ್ತೆ’ ಅಂತ ನಮ್ಮ ದೊಡ್ಡಮ್ಮ ಚಿಕ್ಕಮ್ಮಂದಿರೂ ಹೇಳ್ತಾರೆ. ಕೇಳಿ ಕೇಳಿ ಸಾಕಾಗಿದೆ. ಆ ಮಾತಿನ ಹಿಂದೆ ‘ಹೇಗೂ ನಿನಗೆ ಬೇರೆ ದಾರಿಯಿಲ್ಲ, ಹೊಂದಿಕೋ’ ಅನ್ನೋದು ಸೇರಿರುತ್ತೆ. ಓಕ್ ಮಾಡಿದ್ದು ಬೇರೆ. ಅವರು ನಾಯಕನ ಬಾಯಲ್ಲಿ ಮೊದಲ ದಿನವೇ ‘ನೀವು ಹೋಗಬಹುದು’ ಅನ್ನಿಸಿದರು. ಹೋಗೋಕೆ ದಾರಿ ಇರೋದರಿಂದಲೇ ಮಾರ್ಟಿ ಉಳಿದಿದ್ದಕ್ಕೆ ಬೆಲೆ. ಇಲ್ಲದಿದ್ದರೆ ಅದು ಅಭ್ಯಾಸ ಆಗ್ತಿತ್ತು, ಅಥವಾ ಸೋಲು. ಪ್ರೀತಿ ಅಂತ ಕರೆಯೋಕೆ ಆಗ್ತಿರಲಿಲ್ಲ.

ಹಾಗಂತ ಪುಸ್ತಕದಲ್ಲಿ ಕೊರತೆ ಇಲ್ಲ ಅಂತಲ್ಲ. ಬಾಗಿಲು ತೆರೆದಿದೆ ನಿಜ, ಆದರೆ ಹೊರಗೆ ಹಿಮ. ಗಾಡಿ ಬರೋ ತನಕ ಅವಳು ಎಲ್ಲಿಗೂ ಹೋಗೋ ಹಾಗಿಲ್ಲ. ಹೋದರೂ ಒಂದು ಮಗುವಿನ ಜವಾಬ್ದಾರಿ ಹೊತ್ತೇ ಹೋಗಬೇಕು. ಇದನ್ನ ಪೂರ್ತಿ ಸ್ವಾತಂತ್ರ್ಯ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಇನ್ನೊಂದು, ಸರ್ಕಾರ ಖಾಲಿ ಜಾಗ ಅನ್ನೋ ಹಾಗೆ ಹಂಚಿದ ಆ ನೆಲ ಖಾಲಿ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳನ್ನ ಒಕ್ಕಲೆಬ್ಬಿಸಿದ ನೆಲ ಅದು. ಕಾದಂಬರಿ ಆ ಕಡೆ ತಲೆ ಹಾಕೋದೇ ಇಲ್ಲ. ಸಂಭಾಷಣೆಯೆಲ್ಲ ಹಳ್ಳಿ ಇಂಗ್ಲಿಷ್, ಮೊದಲ ಇಪ್ಪತ್ತು ಪುಟ ತಡವರಿಸಿಕೊಂಡು ಓದಬೇಕಾಗುತ್ತೆ.

ಇದು ಭಕ್ತಿಯ ಕಾದಂಬರಿ ಕೂಡ. ಕ್ಲಾರ್ಕ್ ದಿನಾ ಬೈಬಲ್ ಓದ್ತಾನೆ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ತಾನೆ. ಮಾರ್ಟಿಗೆ ಅದೆಲ್ಲ ಹೊಸದು, ದೇವರ ಮೇಲೆ ಅವಳಿಗೆ ಸಿಟ್ಟೂ ಇದೆ. ಪ್ರೀತಿ ಬಂದ ದಾರಿಯಲ್ಲೇ ನಂಬಿಕೆಯೂ ಬರುತ್ತೆ, ಅಷ್ಟೇ ಮೆಲ್ಲಗೆ. ಕೆಲವು ಕಡೆ ಪ್ರವಚನ ಜಾಸ್ತಿಯಾಯ್ತು ಅನ್ನಿಸಿತು. ಆದರೆ ಕ್ಲಾರ್ಕ್ ತನ್ನ ನಂಬಿಕೆಯನ್ನ ಅವಳ ಮೇಲೆ ಹೇರೋದಿಲ್ಲ, ತಾನು ಅದರಂತೆ ಬದುಕ್ತಾನೆ. ಬೇರೆ ಧರ್ಮದಲ್ಲಿ ಬೆಳೆದ ನನಗೂ ಆ ಭಾಗ ಹೊರಗಿನದು ಅನ್ನಿಸಲಿಲ್ಲ. ನಮ್ಮಜ್ಜಿ ಯಾರಿಗೂ ಹೇಳದೆ ಮುಂಜಾನೆ ತುಳಸಿಗೆ ನೀರು ಹಾಕುತ್ತಿದ್ದದ್ದು ನೆನಪಾಯಿತು.

ಅಮೆರಿಕದಲ್ಲಿ ಇಂಥ ಕಾದಂಬರಿಗಳಿಗೆ ‘ಇನ್‌ಸ್ಪಿರೇಷನಲ್ ರೊಮಾನ್ಸ್’ ಅಂತ ಹೆಸರು, ಅದಕ್ಕೇ ಬೇರೆ ಓದುಗರ ಬಳಗವಿದೆ. ಓಕ್ ಅವರಿಗಿಂತ ಮುಂಚೆ, 1967ರಲ್ಲಿ, ಕ್ಯಾಥರೀನ್ ಮಾರ್ಷಲ್ ಅವರ ‘ಕ್ರಿಸ್ಟಿ’ ಬಂದಿತ್ತು. ಆದರೆ ಈ ಬಗೆಯ ಕಥೆಗೆ ದೊಡ್ಡ ಓದುಗ ವರ್ಗ ಇದೆ ಅಂತ ಪ್ರಕಾಶಕರಿಗೆ ಗೊತ್ತು ಮಾಡಿಸಿದ ಪುಸ್ತಕಗಳಲ್ಲಿ ‘ಲವ್ ಕಮ್ಸ್ ಸಾಫ್ಟ್‌ಲಿ’ ಮುಖ್ಯವಾದದ್ದು. ಮಾರ್ಟಿ-ಕ್ಲಾರ್ಕ್ ಕುಟುಂಬದ ಕಥೆ 1989ರ ತನಕ ಎಂಟು ಪುಸ್ತಕಗಳಾಗಿ ಬೆಳೆಯಿತು. 2003ರಲ್ಲಿ ಹಾಲ್‌ಮಾರ್ಕ್ ಚಾನೆಲ್‌ಗೆ ಮೈಕಲ್ ಲ್ಯಾಂಡನ್ ಜೂನಿಯರ್ ಇದನ್ನ ಸಿನಿಮಾ ಮಾಡಿದರು, ಮಾರ್ಟಿಯಾಗಿ ಕ್ಯಾಥರೀನ್ ಹೈಗಲ್. ಅದರಲ್ಲಿ ಮಿಸ್ಸಿ ಎದುರುತ್ತರ ಕೊಡೋ ವಯಸ್ಸಿನ ಹುಡುಗಿ. ಪುಸ್ತಕದಲ್ಲಿ ಅವಳು ಇನ್ನೂ ತೊದಲು ಮಾತಿನ ಕೂಸು. ಎರಡರಲ್ಲಿ ಒಂದು ಅಂದರೆ ನಾನು ಪುಸ್ತಕವನ್ನೇ ಹೇಳ್ತೀನಿ. ದಿನಗಳು ನಿಧಾನಕ್ಕೆ ಸರಿಯೋದು ಅದರಲ್ಲಿ ಚೆನ್ನಾಗಿ ಬಂದಿದೆ.

ಪುಸ್ತಕ ಮುಗಿದಿದ್ದು ಒಂದು ಶನಿವಾರ ಸಂಜೆ. ಇವರು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸ್ತಿದ್ದರು. ಹೋಗಿ ಕೇಳಿಯೇಬಿಟ್ಟೆ.

“ನಾನು ಆರು ತಿಂಗಳು ಹೋಗ್ತೀನಿ ಅಂದ್ರೆ ನಿಮಗೇನೂ ಅನ್ಸಲ್ವಾ?”

ಕೈಯಲ್ಲಿದ್ದ ಕ್ಲಿಪ್ಪು ಹಾಕಿ ಮುಗಿಸೋ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದರು: “ಅನ್ಸುತ್ತೆ. ಬೇಡ ಅಂದ್ರೆ ನೀವು ಹೋಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಅನ್ಲಿಲ್ಲ.”

ನಾನು ತಾತ್ಸಾರ ಅಂದುಕೊಂಡಿದ್ದು ತಾತ್ಸಾರ ಆಗಿರಲಿಲ್ಲ. ಬಾಡಿಗೆ ನಾನು ನೋಡ್ಕೊಳ್ತೀನಿ ಅಂತ ಅವರು ಅಂದಿದ್ದು ಕ್ಲಾರ್ಕ್ ಕೊಟ್ಟಂಥದ್ದೇ ಮಾತು. ನನಗೆ ಅದು ಕೇಳಿಸಿರಲಿಲ್ಲ ಅಷ್ಟೇ. ಆದರೆ ತಪ್ಪು ಪೂರ್ತಿ ನನ್ನದೂ ಅಲ್ಲ. ಬಾಗಿಲು ತೆಗೆದಿಟ್ಟವರು ‘ಇದ್ದರೆ ನನಗೆ ಖುಷಿ’ ಅಂತಲೂ ಒಂದು ಮಾತು ಹೇಳಬೇಕು. ಕ್ಲಾರ್ಕ್ ಕೂಡ ಅದನ್ನ ಹೇಳೋಕೆ ಒಂದಿಡೀ ಪುಸ್ತಕ ತಗೊಂಡ. ಅದನ್ನ ಇವರಿಗೂ ಹೇಳಿದೆ. “ನಿನಗೆ ಹೇಳೋಕೆ ಬರಲ್ವಾ?” ಅಂದೆ. ‘ನಿನಗೆ’ ಅಂತ ಬಾಯಿಂದ ಬಂದುಬಿಟ್ಟಿತ್ತು. ಇಬ್ಬರೂ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕೆವು.

ಮಾರ್ಟಿ ಉಳಿದಳು. ನಾನು ಮುಂದಿನ ತಿಂಗಳು ಹೊರಡ್ತಿದ್ದೀನಿ, ಕೆಲಸ ನನಗೆ ಇಷ್ಟ. ಟಿಕೆಟ್ ಆಫೀಸಿನವರು ಮಾಡಿಸ್ತಾರೆ. ಮಧ್ಯದಲ್ಲಿ ದೀಪಾವಳಿಗೆ ಬಂದು ಹೋಗೋ ಟಿಕೆಟ್ ಮಾತ್ರ ನನ್ನ ದುಡ್ಡಲ್ಲೇ ಬುಕ್ ಮಾಡಿದ್ದೀನಿ. ಯಾರೂ ಬಾ ಅಂತ ಕೇಳಿರಲಿಲ್ಲ.

ಗೆಳತಿಗೆ ಪುಸ್ತಕ ವಾಪಸ್ ಕೊಡಬೇಕು. ಸದ್ಯಕ್ಕೆ ಅದು ಇವರ ಲ್ಯಾಪ್‌ಟಾಪ್ ಬ್ಯಾಗಿನಲ್ಲಿದೆ, ಇನ್ನೂ ಪ್ಯಾನ್‌ಕೇಕ್ ಹತ್ತಿರವೇ ಇದ್ದಾರಂತೆ.