ತಿಳಿಯಾದರೆ ಶುದ್ಧವೇ?

ನುಗ್ಗೆ ಬೀಜದಿಂದ ಕಾರ್ಖಾನೆಯ ಕೊಳಚೆ ಶುದ್ಧವಾಗುತ್ತದೆ ಎನ್ನುವ ಪ್ರಬಂಧಗಳಲ್ಲಿ ಎರಡು ಬೀಕರ್‌ಗಳ ಚಿತ್ರ ಇದ್ದೇ ಇರುತ್ತದೆ: ಒಂದರಲ್ಲಿ ಬಗ್ಗಡ, ಇನ್ನೊಂದರಲ್ಲಿ ತಿಳಿನೀರು. ಪಿಎಚ್.ಡಿ.ಗೆ ಇದೇ ವಿಷಯ ಹಿಡಿದಿರುವ ನನಗೆ ಆ ಚಿತ್ರದ ಮೇಲೆಯೇ ತಕರಾರು.

ಬೀಜದ ಗುಣ ಸುಳ್ಳಲ್ಲ. ಅದರ ಪ್ರೋಟೀನಿಗೆ ಧನ ವಿದ್ಯುದಂಶ, ತೇಲುವ ಮಣ್ಣಿನ ಕಣಕ್ಕೆ ಋಣ. ಎರಡೂ ಅಂಟಿ, ಗರಣೆಗಟ್ಟಿ, ತಳ ಸೇರುತ್ತವೆ. ಚಿಲ್ಲದ ಬೀಜದಿಂದ ನೀರು ತಿಳಿಗೊಳಿಸುವುದು ಸುಶ್ರುತ ಸಂಹಿತೆಯಷ್ಟು ಹಳೆಯ ಮಾತು. ಆದರೆ ಸುಶ್ರುತನ ಬಗ್ಗಡದಲ್ಲಿ ಕಾರ್ಖಾನೆಯ ಕ್ರೋಮಿಯಂ ಇರಲಿಲ್ಲವಲ್ಲ! ಬೆಂಗಳೂರಿನ ಪೀಣ್ಯದಲ್ಲಿ ಲೋಹಲೇಪನದ ತ್ಯಾಜ್ಯದಿಂದ ಅಂತರ್ಜಲಕ್ಕಿಳಿದ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಕರಗಿರುತ್ತದೆ. ಕಡಿಮೆ ಪ್ರಮಾಣದಲ್ಲಿದ್ದರೆ ಕಣ್ಣಿಗೂ ಕಾಣದು. ಅದನ್ನು ಮೊದಲು ಟ್ರೈವೇಲೆಂಟ್ ರೂಪಕ್ಕೆ ಇಳಿಸಿ, ಆಮೇಲೆ ಸುಣ್ಣ ಹಾಕಿ ತಳಕ್ಕೆ ಕೂರಿಸುವುದು ರೂಢಿ. ಬೀಜ ಗಿಡದ್ದು ಎಂದ ಮಾತ್ರಕ್ಕೆ ಲೋಹ ಸೇರಿದ ಕೆಸರು ಗೊಬ್ಬರವಾಗುವುದಿಲ್ಲ. ಕಚ್ಚಾ ಪುಡಿ ಹೆಚ್ಚಾದರೆ ಅದರ ಸಾವಯವ ಅಂಶವೇ ನೀರಿಗೆ ಬೆರೆತು ಬಿ.ಒ.ಡಿ. ಏರುತ್ತದೆ. ‘ಪರಿಸರಸ್ನೇಹಿ’ ಎಂಬ ಶೀರ್ಷಿಕೆಯ ಭರದಲ್ಲಿ ಇದು ಕೊನೆಯ ಪುಟದ ಒಂದು ಸಾಲಾಗಿ ಉಳಿಯುತ್ತದೆ.

ಸಹಸಂಶೋಧಕರೇ, ಕೆಯೊಲಿನ್ ಪುಡಿ ಕಲಸಿ ತಯಾರಿಸಿದ ಬಗ್ಗಡ ಸಾಕು. ಕಾರ್ಖಾನೆಯ ಕೊಳವೆಯಿಂದಲೇ ನೀರು ತನ್ನಿ. ತಿಳಿನೀರಿನಲ್ಲಿ ಏನು ಉಳಿಯಿತು, ಕೆಸರನ್ನು ಎಲ್ಲಿ ಸುರಿದಿರಿ, ಅದನ್ನೂ ಬರೆಯಿರಿ.