ಗ್ಯಾಸಿನ ಗಾಡಿಯೂ ಬಡವನ ಪಾಡೂ

ಊರ ಹೊರಗಿನ ಶೆಡ್ಡುಗಳಲ್ಲಿ ಅಡಿಗೆಮನೆಯ ಸಿಲಿಂಡರಿನಿಂದ ವ್ಯಾನುಗಳಿಗೆ ಗ್ಯಾಸು ತುಂಬುವ ದಂಧೆ ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಆಗೊಮ್ಮೆ ಈಗೊಮ್ಮೆ ದಾಳಿ ನಡೆಯುತ್ತದೆ. ನಾಲ್ಕು ಸಿಲಿಂಡರು, ಒಂದು ಪಂಪು ವಶವಾಗುತ್ತವೆ. ಕೂಲಿಗೆ ನಿಂತಿದ್ದ ಇಬ್ಬರು ಹುಡುಗರ ಮೇಲೆ ಮೊಕದ್ದಮೆ ಬೀಳುತ್ತದೆ. ಹದಿನೈದು ದಿನ ಕಳೆದರೆ ಅದೇ ದಂಧೆ ಮತ್ತೊಂದು ಶೆಡ್ಡಿನಲ್ಲಿ! ಆದರೆ ಆ ವ್ಯಾನಿನಲ್ಲಿ ಕುಳಿತು ಶಾಲೆಗೆ ಹೋಗುವವರು ಯಾರ ಮಕ್ಕಳು? ಗಿರಣಿ ಕೆಲಸಗಾರರ ಮಕ್ಕಳು, ಸಂತೆಯಲ್ಲಿ ಅಂಗಡಿ ಹಾಕುವವರ ಮಕ್ಕಳು. ಆದುದರಿಂದ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತಾಡಬೇಕಾಗಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪೆಟ್ರೋಲ್ ಗಾಡಿಯನ್ನು ಗ್ಯಾಸಿಗೂ ಹೊಂದಿಸಿ ಓಡಿಸುವುದು ತಪ್ಪಲ್ಲ. ೨೦೦೦ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ದಾರಿ ಮಾಡಿಕೊಟ್ಟರು. ೨೦೦೧ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಆದೇಶವನ್ನೇ ಹೊರಡಿಸಿತು. ಬೆಂಗಳೂರಿನ ಸಾವಿರಾರು ಆಟೋರಿಕ್ಷಾಗಳು ಗ್ಯಾಸಿನ ಮೇಲೆಯೇ ಬದುಕು ಸಾಗಿಸಿವೆ. ಇಟಲಿ, ಟರ್ಕಿ, ಪೋಲೆಂಡ್ ದೇಶಗಳಲ್ಲಿ ಲಕ್ಷಾಂತರ ಜನ ಹೀಗೆ ಎರಡು ಇಂಧನದ ಕಾರು ಓಡಿಸುತ್ತಾರೆ. ನಮ್ಮ ಹಿರಿಯರಿಗೂ ಇದು ತೀರ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಹೋದಾಗ ಇದ್ದಿಲು ಉರಿಸಿ, ಅದರ ಅನಿಲದಿಂದ ಬಸ್ಸು ಓಡಿಸಿದ ನಾಡು ಇದು.

ಗಾಡಿ ಎರಡರಲ್ಲಿಯೂ ಓಡುವುದು ಹೇಗೆ? ಗ್ಯಾಸು ಟ್ಯಾಂಕಿನೊಳಗೆ ಒತ್ತಡದಿಂದ ದ್ರವವಾಗಿರುತ್ತದೆ. ಎಂಜಿನ್ನಿನ ಬಿಸಿನೀರು ಸುತ್ತುವ ಒಂದು ಪೆಟ್ಟಿಗೆಯಲ್ಲಿ ಅದು ಆವಿಯಾಗಿ, ಒತ್ತಡ ತಗ್ಗಿಸಿಕೊಂಡು ಎಂಜಿನ್ನಿಗೆ ಹೋಗುತ್ತದೆ. ಆದುದರಿಂದಲೇ ತಣ್ಣಗಿರುವ ಗಾಡಿಯನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಗ್ಯಾಸಿಗೆ ತಿರುಗಿಸಬೇಕು. ಸದಾ ಗ್ಯಾಸಿನಲ್ಲಿಯೇ ಓಡಿಸಿ ಪೆಟ್ರೋಲ್ ಟ್ಯಾಂಕನ್ನು ಬರಿದು ಮಾಡುವವರು ಕೊನೆಗೆ ಪೆಟ್ರೋಲ್ ಪಂಪು ಕೆಡಿಸಿಕೊಂಡು ಮೆಕ್ಯಾನಿಕ್ಕನ ಬಾಗಿಲು ಕಾಯುತ್ತಾರೆ.

ಇನ್ನು ಲಾಭದ ಮಾತು. ಒಂದು ಲೀಟರ್ ಗ್ಯಾಸಿನಲ್ಲಿ ಒಂದು ಲೀಟರ್ ಪೆಟ್ರೋಲಿನಷ್ಟು ಕಸುವಿಲ್ಲ. ಗಾಡಿ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ದೂರ ಓಡುತ್ತದೆ. ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ ೧೦೦ ರೂಪಾಯಿ, ಗ್ಯಾಸು ೬೦ ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲಿನಲ್ಲಿ ೨೦ ಕಿಲೋಮೀಟರ್ ಓಡುವ ವ್ಯಾನು ಗ್ಯಾಸಿನಲ್ಲಿ ೧೬ ಓಡೀತು. ಅಂದರೆ ಕಿಲೋಮೀಟರಿಗೆ ೫ ರೂಪಾಯಿಯ ಬದಲು ೩ ರೂಪಾಯಿ ೭೫ ಪೈಸೆ. ಕಿಟ್ಟಿಗೆ ೩೦,೦೦೦ ರೂಪಾಯಿ ಹಾಕಿದವನಿಗೆ ಆ ದುಡ್ಡು ಮರಳಲು ೨೪,೦೦೦ ಕಿಲೋಮೀಟರ್ ಓಡಬೇಕು. ದಿನಕ್ಕೆ ೮೦ ಕಿಲೋಮೀಟರ್ ದುಡಿಯುವ ಗಾಡಿಗೆ ಅದು ೩೦೦ ದಿನದ ಕೆಲಸ. ವಾರಕ್ಕೊಮ್ಮೆ ಸಂತೆಗೆ ಗಾಡಿ ತೆಗೆಯುವ ವ್ಯಾಪಾರಿಗೆ ಅದು ಎಷ್ಟೋ ವರ್ಷದ ಮಾತು. ಹೀಗಿರುವಾಗ ಗ್ಯಾಸು ದುಡಿಯುವ ಗಾಡಿಗೆ ಸಲ್ಲುವ ಇಂಧನ. ನಿಂತ ಗಾಡಿಗೆ ಬರೀ ಸಾಲ.

ಹಾಗಾದರೆ ಕೇಡು ಎಲ್ಲಿದೆ? ಕೇಡು ಇರುವುದು ಕದ್ದು ತುಂಬುವುದರಲ್ಲಿ. ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ. ನೆಲದ ಮೇಲೆ ಹರಿದು ಗುಂಡಿಯಲ್ಲಿ, ಚರಂಡಿಯಲ್ಲಿ, ಸೀಟಿನ ಕೆಳಗೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ದ್ರವದಿಂದ ಸುಮಾರು ೨೫೦ ಲೀಟರ್ ಅನಿಲ ಹೊರಡುತ್ತದೆ. ಇದಕ್ಕಾಗಿಯೇ ಕಾನೂನುಬದ್ಧ ಟ್ಯಾಂಕು ನೂರಕ್ಕೆ ೮೦ ಪಾಲು ತುಂಬುತ್ತಲೇ ತಾನಾಗಿ ಮುಚ್ಚಿಕೊಳ್ಳುವ ವಾಲ್ವನ್ನು ಹೊಂದಿರುತ್ತದೆ. ಬಿಸಿಲಿಗೆ ದ್ರವ ಹಿಗ್ಗಿದರೆ ಜಾಗ ಬೇಕಲ್ಲ! ಐದು ವರ್ಷಕ್ಕೊಮ್ಮೆ ಆ ಟ್ಯಾಂಕಿನ ಪರೀಕ್ಷೆಯಾಗಬೇಕು. ಶೆಡ್ಡಿನಲ್ಲಿ ಸಿಲಿಂಡರು ತಲೆಕೆಳಗು ಮಾಡಿ ರಬ್ಬರು ನಳಿಗೆಯಲ್ಲಿ ಗ್ಯಾಸು ಹರಿಸುವವನಿಗೆ ೮೦ ಯಾವುದು, ೧೦೦ ಯಾವುದು? ಇನ್ನು ೧೪.೨ ಕಿಲೋದ ಅಡಿಗೆ ಸಿಲಿಂಡರನ್ನೇ ಡಿಕ್ಕಿಯಲ್ಲಿಟ್ಟು ಗಾಡಿ ಓಡಿಸುವವರ ಧೈರ್ಯಕ್ಕೆ ಏನೆನ್ನೋಣ!

ಗ್ಯಾಸನ್ನು ಮಾತ್ರ ದೂರಿದರೂ ಸಾಲದು. ೨೦೧೩ರ ಮೇ ೨೫ರಂದು ಪಾಕಿಸ್ತಾನದ ಗುಜ್ರಾತ್ ನಗರದ ಬಳಿ ಎರಡು ಇಂಧನದ ಶಾಲಾ ವಾಹನವೊಂದು ಹೊತ್ತಿ ಉರಿದು ಹದಿನಾರು ಮಕ್ಕಳೂ ಒಬ್ಬ ಶಿಕ್ಷಕಿಯೂ ಬಲಿಯಾದರು. ಚಾಲಕನು ಗ್ಯಾಸಿನಿಂದ ಪೆಟ್ರೋಲಿಗೆ ತಿರುಗಿಸಿದಾಗ ಹಾರಿದ ಕಿಡಿ, ಸೋರುತ್ತಿದ್ದ ಪೆಟ್ರೋಲಿಗೆ ತಗುಲಿತೆಂದು ಅಲ್ಲಿನ ಪೊಲೀಸರು ಮೊದಲಿಗೆ ಹೇಳಿದರು. ಎರಡು ಇಂಧನ ಹೊತ್ತ ಗಾಡಿಗೆ ಎರಡು ಪಟ್ಟು ಎಚ್ಚರ ಬೇಕು. ಗ್ಯಾಸಿನ ನಳಿಗೆ ಹೊಸದಾಗಿದ್ದು ಪೆಟ್ರೋಲ್ ನಳಿಗೆ ಹರಿದಿದ್ದರೆ ಫಲವೇನು?

ಹೀಗೆಂದು ಎಲ್ಲ ತಪ್ಪನ್ನೂ ಚಾಲಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಒಪ್ಪಿಗೆ ಪಡೆದ ಕಿಟ್ಟಿಗೆ ಒಟ್ಟಿಗೆ ದುಡ್ಡು ಸುರಿಯಬೇಕು. ಆರ್.ಟಿ.ಒ. ಕಛೇರಿಗೆ ಅಲೆಯಬೇಕು. ಇಷ್ಟೆಲ್ಲ ಮಾಡಿದ ಮೇಲೆ ಗ್ಯಾಸು ಸಿಗುವ ಬಂಕ್ ಎಲ್ಲಿ? ದೊಡ್ಡ ನಗರಗಳಲ್ಲಿ. ತಾಲ್ಲೂಕಿನ ವ್ಯಾನಿನವನು ಗ್ಯಾಸು ತುಂಬಿಸಲೆಂದು ಐವತ್ತು ಕಿಲೋಮೀಟರ್ ಗ್ಯಾಸು ಸುಡಬೇಕೇ? ತೆರಿಗೆಯನ್ನು ನೋಡಿ: ಮನೆಯ ಗ್ಯಾಸಿಗೆ ಜಿ.ಎಸ್.ಟಿ. ನೂರಕ್ಕೆ ೫, ಗಾಡಿಯ ಗ್ಯಾಸಿಗೆ ನೂರಕ್ಕೆ ೧೮. ಅಡಿಗೆಮನೆಯ ಬಡವರಿಗೆ ರಿಯಾಯಿತಿ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಯ ಮೇಲೆ ದುಡಿಯುವ ಬಡವನು ಶ್ರೀಮಂತನೆಂದು ತೀರ್ಮಾನಿಸಿದವರು ಯಾರು? ಈ ಅಂತರವಿರುವಷ್ಟು ದಿನ ಅದರ ನಡುವೆ ನಿಂತು ದುಡ್ಡು ಮಾಡುವ ದಳ್ಳಾಳಿಯೂ ಇರುತ್ತಾನೆ. ಅವನ ಲಾಭಕ್ಕೆ ನಷ್ಟ ತೆರುವವಳು, ತೂಕ ಕಡಿಮೆಯಾದ ಸಿಲಿಂಡರು ಪಡೆದು ತಿಂಗಳ ಕೊನೆಗೆ ಮುಂಚೆಯೇ ಒಲೆ ಆರಿಸಿ ಕೂರುವ ಕೆಲಸಗಾರನ ಹೆಂಡತಿ.

ಆದುದರಿಂದ ನಮ್ಮ ಒತ್ತಾಯ ಇಷ್ಟು. ತಾಲ್ಲೂಕು ಕೇಂದ್ರಗಳ ಪೆಟ್ರೋಲ್ ಬಂಕುಗಳಲ್ಲಿ ಆಯ್ದ ಒಂದರಲ್ಲಾದರೂ ತೈಲ ಕಂಪನಿಗಳು ಗಾಡಿಯ ಗ್ಯಾಸು ಒದಗಿಸಲಿ. ಕಿಟ್ಟು ಹಾಕಿಸಲು ಸಹಕಾರಿ ಬ್ಯಾಂಕುಗಳ ಮೂಲಕ ಕಡಿಮೆ ಬಡ್ಡಿಯ ಸಾಲ ಸಿಗಲಿ. ದುಡಿಯುವ ಬಾಡಿಗೆ ಗಾಡಿಗಳ ಗ್ಯಾಸಿನ ಮೇಲಿನ ತೆರಿಗೆ ಇಳಿಯಲಿ. ಆರ್.ಟಿ.ಒ. ಅಧಿಕಾರಿಗಳು ತಿಂಗಳಿಗೊಂದು ದಿನ ತಾಲ್ಲೂಕಿಗೆ ಬಂದು ಕಿಟ್ಟುಗಳನ್ನು ದಾಖಲು ಮಾಡಿಕೊಳ್ಳಲಿ, ಸೋರಿಕೆಯ ತಪಾಸಣೆಯನ್ನು ಶುಲ್ಕವಿಲ್ಲದೆ ನಡೆಸಲಿ. ದಾಳಿಯಾದಾಗ ಶೆಡ್ಡಿನ ಹುಡುಗನನ್ನು ಹಿಡಿದು ಫೋಟೋ ತೆಗೆಸಿಕೊಂಡರೆ ಸಾಲದು. ಆ ಸಿಲಿಂಡರು ಯಾವ ಗೋದಾಮಿನಿಂದ ಹೊರಟಿತೆಂದು ವಿಚಾರಿಸಲಿ.

ಇದೆಲ್ಲ ಆಗುವ ತನಕ ಸುಮ್ಮನಿರಬೇಕೇ? ಬೇಡ. ಮಕ್ಕಳನ್ನು ವ್ಯಾನಿಗೆ ಕಳಿಸುವ ತಂದೆತಾಯಿಗಳು ಗಾಡಿಯ ಆರ್.ಸಿ. ತೋರಿಸೆಂದು ಕೇಳಲಿ. ಇಂಧನದ ಕಲಮಿನಲ್ಲಿ ಪೆಟ್ರೋಲಿನ ಜೊತೆಗೆ ಎಲ್.ಪಿ.ಜಿ. ಎಂದಿದೆಯೇ, ಟ್ಯಾಂಕಿನ ಪರೀಕ್ಷೆಯ ತಾರೀಖು ಮೀರಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಜಗಳಕ್ಕೆ ನಿಲ್ಲದೆ, ನಾಲ್ಕು ಮನೆಯವರು ಸೇರಿ ಚಾಲಕನೊಡನೆ ಮಾತಾಡಲಿ. ಪೆಟ್ರೋಲಿನಲ್ಲಿಯೇ ಓಡಿಸು, ಬಾಡಿಗೆಯ ಹೆಚ್ಚಳವನ್ನು ಹಂಚಿಕೊಳ್ಳುತ್ತೇವೆ ಎನ್ನಲಿ. ಅವನೂ ನಮ್ಮವನೇ, ಅವನ ಮಕ್ಕಳೂ ಅದೇ ವ್ಯಾನಿನಲ್ಲಿ ಕುಳಿತಿರಬಹುದು. ಚಾಲಕರಲ್ಲಿ ನಮ್ಮ ವಿನಂತಿ: ದಾಖಲಾಗದ ಕಿಟ್ಟಿನ ಗಾಡಿಗೆ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಉಳಿಸಿದ ಒಂದೂಕಾಲು ರೂಪಾಯಿ ಆ ದಿನ ಯಾವ ಲೆಕ್ಕಕ್ಕೂ ಬಾರದು.

ದುಡಿಯುವವನು ಅಗ್ಗದ ಇಂಧನ ಬಯಸುವುದು ಆಸೆಬುರುಕತನವಲ್ಲ, ಹೊಟ್ಟೆಪಾಡು. ಆ ಅಗ್ಗದ ಇಂಧನ ನೇರ ದಾರಿಯಲ್ಲಿ, ಸರಿಯಾದ ತೂಕದಲ್ಲಿ, ಅವನ ಊರಿನಲ್ಲಿಯೇ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ. ಮಕ್ಕಳ ಪ್ರಾಣ ಹೋದ ಮೇಲೆ ಪರಿಹಾರ ಘೋಷಿಸುವುದಕ್ಕಿಂತ ಇಂದು ಒಂದು ಬಂಕ್ ತೆರೆಯುವುದು ಅಗ್ಗ.