ಫೋಟೋಗೂ ನರೇಶನ್ ಬರೀರಿ ಕಣ್ರೋ (ಭಾಗ 4)

ಸ್ಟೋರೇಜ್ ಫುಲ್ ಅಂತ ಮೆಸೇಜ್ ಬಂದ ಕೂಡಲೇ ಕ್ಲಾಸಲ್ಲಿ ಅರ್ಧ ಜನ ಸಿಕ್ಕಿದ ಫೋಟೋ ಡಿಲೀಟ್ ಮಾಡ್ತೀರಿ, ಇನ್ನರ್ಧ ಜನ ತಿಂಗಳ ಪ್ಲಾನ್ ತಗೋತೀರಿ. ನನ್ನ ಪ್ರಕಾರ ಎರಡೂ ಅವಸರ.

ಗೂಗಲ್ ಫೋಟೋಸ್‌ನಲ್ಲಿ ಮೊದಲು ಎಷ್ಟು ಬೇಕಾದ್ರೂ ಇಡಬಹುದಿತ್ತು. 2021ರ ಜೂನ್ 1ರ ನಂತರ ಹಾಕಿದ್ದು 15 ಜಿಬಿ ಲೆಕ್ಕಕ್ಕೆ ಸೇರುತ್ತೆ, ಜಿಮೇಲ್, ಡ್ರೈವ್ ಕೂಡ ಅದರಲ್ಲೇ. ಅದಕ್ಕೂ ಮುಂಚೆ ಕಂಪ್ಯೂಟರಲ್ಲಿ ಪಿಕಾಸಾ ಇತ್ತು, ಅಣ್ಣ ಅಕ್ಕಂದಿರನ್ನ ಕೇಳಿ ನೋಡಿ. 2016ರಲ್ಲಿ ಅದನ್ನೂ ನಿಲ್ಲಿಸಿದ್ರು. ತಪ್ಪು ಅಂತಲ್ಲ, ಅದು ಅವರ ವ್ಯಾಪಾರ. ಆದ್ರೆ ನಮ್ಮ ಮನೆಯವರ ಮುಖಗಳು ಪೂರ್ತಿ ಅವರ ವ್ಯಾಪಾರದ ಮೇಲೆ ನಿಂತಿರಬೇಕಾ?

ನಾನು ಬಳಸೋದು ಡಿಜಿಕ್ಯಾಮ್. ಪೂರ್ತಿ ಉಚಿತ, ಓಪನ್ ಸೋರ್ಸ್, 2001ರಿಂದ ನಡೀತಾ ಬಂದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಫೋಟೋ ನಿಮ್ಮ ಲ್ಯಾಪ್‌ಟಾಪಲ್ಲೇ ಇರುತ್ತೆ, ಮುಖ ಗುರುತಿಸೋ ಕೆಲಸವೂ ಅಲ್ಲೇ. ಕ್ರಾಪ್, ಬೆಳಕು, ವಾಲಿದ ಫೋಟೋ ನೇರ ಮಾಡೋದು, ಎರಡೆರಡು ಸಲ ಸೇರಿಕೊಂಡ ಫೋಟೋ ಹುಡುಕೋದು ಎಲ್ಲ ಆಗುತ್ತೆ. ನೋಡೋಕೆ ಚಂದ ಇಲ್ಲ, ಒಪ್ತೀನಿ. ಹಳೇ ಲ್ಯಾಪ್‌ಟಾಪ್ ಆದ್ರೆ ಮುಖ ಸ್ಕ್ಯಾನ್ ಮಾಡೋಕೆ ಬಿಟ್ಟು ಮಲಗಿಬಿಡಿ.

ನನಗೆ ಮುಖ್ಯ ಅನ್ಸಿದ್ದು ಟ್ಯಾಗ್ ಮತ್ತು ಶೀರ್ಷಿಕೆ. ಜರ್ನಲ್ ಎಂಟ್ರಿಗೆ ನರೇಶನ್ ಬರೀದಿದ್ರೆ ಮಾರ್ಕ್ಸ್ ಕಟ್ ಆಗುತ್ತಲ್ವಾ? ಫೋಟೋದ ಕಥೆನೂ ಅದೇ. ಹಳೇ ಆಲ್ಬಂ ಸ್ಕ್ಯಾನ್ ಮಾಡಿ ಇಟ್ಕೊಂಡ್ರೆ ಸಾಲದು, ಎಡಗಡೆ ನಿಂತವರು ಯಾರು ಅಂತ ಹೇಳೋರು ಇರುವಾಗಲೇ ಕೇಳ್ಬೇಕು. ನಮ್ಮಜ್ಜಿ ಹೇಳ್ತಾ ಹೋದ್ರು, ನಾನು ಕನ್ನಡದಲ್ಲೇ ಟ್ಯಾಗ್ ಹಾಕ್ತಾ ಹೋದೆ. 61 ಫೋಟೋಗೆ ಮೂರು ಭಾನುವಾರ ಹಿಡೀತು, ಯಾಕಂದ್ರೆ ಪ್ರತಿ ಮುಖಕ್ಕೂ ಒಂದೊಂದು ಹಳೇ ಜಗಳ ಇದೆ! ನಾಲ್ಕು ಮುಖ ಅಜ್ಜಿಗೂ ನೆನಪಿಲ್ಲ. ಅವು ಹಾಗೇ ಖಾಲಿ ಉಳಿದಿವೆ.

ಒಂದು ಮಾತು: ಸೆಟ್ಟಿಂಗ್ಸ್‌ನ ಮೆಟಾಡೇಟಾ ಭಾಗಕ್ಕೆ ಹೋಗಿ, ಟ್ಯಾಗ್‌ಗಳು ಫೋಟೋ ಫೈಲ್ ಒಳಗೇ ಬರೆಯೋ ಹಾಗೆ ಟಿಕ್ ಹಾಕಿ. ಆಗ ನಾಳೆ ಡಿಜಿಕ್ಯಾಮ್ ಬಿಟ್ರೂ ಹೆಸರುಗಳು ಫೋಟೋ ಜೊತೆಗೇ ಬರ್ತವೆ. ಇನ್ನೊಂದು ಕಾಪಿ ಹೊರಗಿನ ಹಾರ್ಡ್ ಡಿಸ್ಕಲ್ಲಿ ಇಡಿ. ಲ್ಯಾಪ್‌ಟಾಪ್ ಕೆಟ್ರೆ ಟ್ಯಾಗ್ ಏನೂ ಕಾಪಾಡಲ್ಲ.

ಇನ್‌ಸ್ಟಾಲ್ ಮಾಡೋವಾಗ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಕಾಮೆಂಟ್ ಹಾಕಿ. ಸೆಮಿಸ್ಟರ್ ಎಕ್ಸಾಮ್ ಮುಗಿಯೋ ತನಕ ರಿಪ್ಲೈ ಸ್ವಲ್ಪ ಲೇಟು.